ಕಾಲು ಸೆಂಟ್ಸಿನ ಜಗಳ

ಬಿಸುವಿಗೆ, ಅಂದರೆ ನಮ್ಮ ತುಳುನಾಡಿನ ಹೊಸವರ್ಷಕ್ಕೆ, ಇನ್ನೊಂದು ವಾರ ಇತ್ತು. ಬೆಳಿಗ್ಗೆ ಆರೂವರೆಗೆ ಅಮ್ಮ ಬಂದು ಎಬ್ಬಿಸಿದರು. "ಬೇಲಿ ಕಡೀತಿದ್ದಾರೆ, ಬಂದು ನೋಡು."

ಹೋಗಿ ನೋಡಿದರೆ ನೆಕ್ಕಿ, ದಾಸವಾಳ, ಗೊಬ್ಬರದ ಗಿಡ ಎಲ್ಲ ನೆಲಕ್ಕೆ ಬಿದ್ದಿತ್ತು. ರಸ್ತೆ ಬದಿಯಲ್ಲಿ ಎರಡು ಲೋಡು ಮುರಕಲ್ಲು. ಪಕ್ಕದ ಮನೆಯವರು ಪಾಗಾರದ ಗೋಡೆ ಕಟ್ಟಿಸುತ್ತಾರೆ ಅಂತ ನಮಗೂ ಗೊತ್ತಿತ್ತು. ನಮ್ಮದು ಉಡುಪಿಯಿಂದ ಹಿರಿಯಡ್ಕಕ್ಕೆ ಹೋಗುವ ದಾರಿ. ಇಲ್ಲಿ ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಇಂಥ ಕೆಲಸ ಮುಗಿಸದಿದ್ದರೆ ಅಡಿಪಾಯದ ಗುಂಡಿ ಕೆರೆಯಾಗುತ್ತದೆ. ಅದೆಲ್ಲ ಸರಿಯೇ. ಆದರೆ ಮೇಸ್ತ್ರಿ ಕಟ್ಟಿದ್ದ ಹಳದಿ ಹಗ್ಗ ನೋಡಿ ನನ್ನ ನಿದ್ದೆ ಪೂರ್ತಿ ಬಿಟ್ಟಿತು. ನೀರು ಹರಿಯುವ ತೋಡಿನ ಕಡೆ ಅದು ಹಳೆ ಬೇಲಿಯ ಬುಡದಲ್ಲೇ ಇತ್ತು. ರಸ್ತೆಯ ಕಡೆ ಬರುತ್ತಾ ಬರುತ್ತಾ ಮೂರು ಅಡಿ ಒಳಗೆ ಬಂದು, ನಮ್ಮ ತೆಂಗಿನಮರದ ಕಟ್ಟೆಗೆ ತಾಗಿ ನಿಂತಿತ್ತು.

ಉದ್ದ 80 ಅಡಿ, ಒಂದು ತುದಿಯಲ್ಲಿ 3 ಅಡಿ, ಇನ್ನೊಂದು ತುದಿಯಲ್ಲಿ ಸೊನ್ನೆ. ನಿಂತಲ್ಲೇ ಲೆಕ್ಕ ಹಾಕಿದೆ. 120 ಚದರ ಅಡಿ. ಒಂದು ಸೆಂಟ್ಸ್ ಅಂದರೆ 435.6 ಚದರ ಅಡಿ. ಅಂದರೆ ಕಾಲು ಸೆಂಟ್ಸಿಗಿಂತ ಚೂರು ಜಾಸ್ತಿ. ಘಟ್ಟದ ಮೇಲಿನವರು ಗುಂಟೆಯಲ್ಲಿ ಮಾತಾಡುತ್ತಾರೆ. ನಮ್ಮ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತಲ್ಲ, ಹಾಗಾಗಿ ಎಕ್ರೆಗೆ ನೂರು ಸೆಂಟ್ಸ್ ಅನ್ನುವ ಲೆಕ್ಕವೇ ನಮ್ಮ ಬಾಯಲ್ಲಿ ಉಳಿದುಬಿಟ್ಟಿದೆ. ಜಗಳಕ್ಕೂ ಇದೇ ಅನುಕೂಲ. ಸೆಂಟ್ಸ್ ಚಿಕ್ಕದು, ಕೂಡಲೇ ಕಣ್ಣಿಗೆ ಕಾಣುತ್ತದೆ.

"ಇದೇ ಗಡಿ, ನಮ್ಮಪ್ಪ ತೋರಿಸಿದ್ದು" ಅಂದರು ಪಕ್ಕದ ಮನೆಯವರು. "ಬೇಲಿಯೇ ಗಡಿ ಅಂತ ನಮ್ಮಪ್ಪ ಹೇಳಿದ್ದು" ಅಂದೆ ನಾನು. ಇಬ್ಬರು ಅಪ್ಪಂದಿರೂ ಸಾಕ್ಷಿ ಹೇಳಲು ಬರುವ ಹಾಗಿರಲಿಲ್ಲ. ಹಾಗಾಗಿ ದನಿ ಏರಿತು. ಗಲ್ಫಿನಲ್ಲಿರುವ ಅವರ ಮಗನ ದುಡ್ಡಿನ ಬಗ್ಗೆ ನಾನು ಒಂದು ಮಾತು ಜಾಸ್ತಿ ಆಡಿದೆ. ಅದು ಬೇಡವಾಗಿತ್ತು. ಅವರು ಒಂದು ಕ್ಷಣ ಸುಮ್ಮನಾಗಿ, ಆಮೇಲೆ ನಮ್ಮ ತೆಂಗಿನಮರದ ತಲೆ ನೋಡಿ ಹೇಳಿದರು: "ನಿಮ್ಮ ಕಾಯಿ ಬಿದ್ದು ನಮ್ಮ ಬಚ್ಚಲುಮನೆಯ ಹಂಚು ಎಷ್ಟು ಸಲ ಒಡೆಯಿತು? ನಾವು ಯಾವತ್ತಾದರೂ ಕೇಳಿದ್ದೇವಾ?"

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮರದ ಬುಡ ನಮ್ಮಲ್ಲಿ, ತಲೆ ಅವರ ಕಡೆಗೆ. ಬಿದ್ದ ಕಾಯಿಯನ್ನು ಅವರೇ ತಂದು ಜಗಲಿಯಲ್ಲಿ ಇಟ್ಟು ಹೋಗುತ್ತಿದ್ದರು. ಒಡೆದ ಹಂಚಿನ ಸುದ್ದಿ ಎತ್ತುತ್ತಿರಲಿಲ್ಲ, ಮನಸ್ಸಿನಲ್ಲೇ ಲೆಕ್ಕ ಇಡುತ್ತಿದ್ದರು ಅಂತ ಕಾಣುತ್ತದೆ. ಮೂರು ಅಡಿ ಎಲ್ಲಿಂದ ಬಂತು ಅಂತ ಆವತ್ತು ನನಗೆ ಸ್ವಲ್ಪ ಅರ್ಥವಾಯಿತು.

ಆ ಸಲ ಬಿಸುವಿಗೆ ಅವರ ಮನೆಯಿಂದ ಸೌತೆಕಾಯಿ ಬರಲಿಲ್ಲ. ನಮ್ಮಿಂದ ಪಾಯಸ ಹೋಗಲಿಲ್ಲ.

ಸಲಹೆ ಕೊಡುವವರಿಗೇನು ಕಮ್ಮಿ? ಹೋಟೆಲಿನಲ್ಲಿ ಚಾ ಕುಡಿಯುವವರೆಲ್ಲ ಒಂದೇ ಮಾತು. "ಹನ್ನೆರಡು ವರ್ಷ ಅನುಭವದಲ್ಲಿದ್ದರೆ ಜಾಗ ನಿಮ್ಮದೇ, ಹೆದರಬೇಡಿ." ವಕೀಲನಾಗಿರುವ ಒಬ್ಬ ಗೆಳೆಯ ನಕ್ಕ. "1963ರ ಲಿಮಿಟೇಶನ್ ಕಾಯ್ದೆಯಲ್ಲಿ ಹನ್ನೆರಡು ವರ್ಷ ಅಂತ ಇರುವುದು ಹೌದು ಮಾರಾಯ. ಆದರೆ ಸುಮ್ನೆ ಬೇಲಿ ಇತ್ತು ಅಂದರೆ ಸಾಕಾಗುವುದಿಲ್ಲ. ನಿಜವಾದ ಮಾಲಕನಿಗೆ ಗೊತ್ತಾಗುವ ಹಾಗೆ, ಅವನಿಗೆ ವಿರುದ್ಧವಾಗಿ, ಇದು ನನ್ನದೇ ಅಂತ ಹಿಡಿದುಕೊಂಡಿದ್ದೆ ಅಂತ ತೋರಿಸಬೇಕು. ಪಾಯಸ ಕೊಟ್ಟುಕೊಂಡು ಇದ್ದವರು ಅದನ್ನು ಹೇಗೆ ತೋರಿಸುತ್ತೀರಿ?" ಮೊದಲು ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಹಾಕು ಅಂದ. ಸರ್ವೆಯವರು ಗೆರೆ ತೋರಿಸುತ್ತಾರೆ, ಅಷ್ಟೇ. ಆಚೆಯವರು ಬಿಟ್ಟುಕೊಡದಿದ್ದರೆ ಬಿಡಿಸಿಕೊಡುವುದು ಅವರ ಕೆಲಸ ಅಲ್ಲ, ಅದಕ್ಕೆ ಕೋರ್ಟು ಅಂತಲೂ ಹೇಳಿದ.

ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಬುದ್ಧಿವಂತ ಕೆಲಸ ಒಂದೇ. ಅವತ್ತು ರಾತ್ರಿ ಪಕ್ಕದವರಿಗೆ ವಾಟ್ಸಾಪಿನಲ್ಲಿ ಬರೆದೆ. "ಅಳತೆಗೆ ಅರ್ಜಿ ನಾನು ಹಾಕುತ್ತೇನೆ. ಖರ್ಚು ನನ್ನದು. ಎಲ್ಲಿ ಗೆರೆ ಬರುತ್ತದೋ ಅದಕ್ಕೆ ನಾನು ಒಪ್ಪುತ್ತೇನೆ, ನೀವೂ ಒಪ್ಪಿ. ಅಲ್ಲಿವರೆಗೆ ಕಲ್ಲು ಇಡುವುದು ಬೇಡ." ನೀಲಿ ಗೆರೆ ಕೂಡಲೇ ಬಂತು. ಉತ್ತರ ಮಾರನೇ ದಿನ ಮಧ್ಯಾಹ್ನ. ಒಂದು ಹೆಬ್ಬೆರಳು.

ಪಹಣಿ, ನಕ್ಷೆ, ಅರ್ಜಿ, ಶುಲ್ಕ ಎಲ್ಲ ಮುಗಿಸುವಷ್ಟರಲ್ಲಿ ಮಳೆ ಹಿಡಿಯಿತು. ಸರದಿ ಬರುವುದು ಇನ್ನು ಮಳೆ ಬಿಟ್ಟ ಮೇಲೆಯೇ. ಜೂನಿನಿಂದ ಸೆಪ್ಟೆಂಬರಿನವರೆಗೆ ಎರಡು ಮನೆಗಳ ನಡುವೆ ಬೇಲಿಯೂ ಇಲ್ಲ, ಪಾಗಾರವೂ ಇಲ್ಲ, ಮಾತೂ ಇಲ್ಲ. ಮುರಕಲ್ಲಿನ ರಾಶಿಗೆ ಪಾಚಿ ಹಿಡಿಯಿತು. ಅವರ ಕೋಳಿ ಬಂದು ನಮ್ಮ ಕಟ್ಟಿಗೆ ಕೊಟ್ಟಿಗೆಯಲ್ಲಿ ಮೊಟ್ಟೆ ಇಡುತ್ತಿತ್ತು. ಅಮ್ಮ ಅದನ್ನು ಎಣಿಸಿ, ಶಾಲೆಗೆ ಹೋಗುವ ಅವರ ಮೊಮ್ಮಗಳ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಇಬ್ಬರಿಗೂ ನೋಟಿಸು ಬಂತು. ಹೇಳಿದ ದಿನ ಭೂಮಾಪಕರು ಬಂದರು. ನಾನು ಬೇಲಿ ಇದ್ದ ಜಾಗ ತೋರಿಸಲು ಹೊರಟರೆ, ಅವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ನಕ್ಷೆ ಹಿಡಿದು ಸೀದಾ ಗದ್ದೆಗೆ ಇಳಿದರು. ಮೂರು ಸರ್ವೆ ನಂಬರ್ ಸೇರುವ ಮೂಲೆಯಲ್ಲಿ ಒಂದು ಕಲ್ಲು ಇರಬೇಕು ಅಂತ ಹಲಸಿನ ಮರದ ಬುಡ ಅಗೆಸಿದರು. ಎರಡು ಅಡಿ ಹೋದ ಮೇಲೆ ಹಾರೆ ಠಣ್ ಅಂದಿತು. ಬೇರಿನ ನಡುವೆ ಸಿಕ್ಕಿಕೊಂಡಿದ್ದ ಒಂದು ಕರ್ಗಲ್ಲು, ತಲೆಯಲ್ಲಿ ಕೊರೆದ ಗೆರೆ. ಭೂಮಾಪಕರು ಕೈಯಿಂದಲೇ ಮಣ್ಣು ಒರೆಸಿ ನೋಡಿ "ಹಾಂ, ಇದ್ದಾರೆ ಇಲ್ಲೇ" ಅಂದರು, ಕಳೆದುಹೋದ ನೆಂಟರು ಸಿಕ್ಕ ಹಾಗೆ.

ಅಲ್ಲಿಂದ ಅಳೆಯುತ್ತಾ ಬಂದರು. ಅವರ ಲೆಕ್ಕ ಲಿಂಕ್ಸಿನಲ್ಲಿ. 66 ಅಡಿಯ ಚೈನಿಗೆ ನೂರು ಲಿಂಕ್ಸ್, ಒಂದು ಲಿಂಕ್ಸ್ ಅಂದರೆ ಸುಮಾರು ಎಂಟು ಇಂಚು. ಪಕ್ಕದ ಮನೆಯವರು ಅವರ ಅಂಗಳದ ಬದಿಯಲ್ಲಿ ಕೈಕಟ್ಟಿ ನಿಂತಿದ್ದರು. ಅವರ ಮನೆಯಿಂದ ಬೊಂಡದ ನೀರು ಬಂತು, ನಮ್ಮ ಮನೆಯಿಂದ ಚಾ ಹೋಯಿತು. ಭೂಮಾಪಕರು ಎರಡನ್ನೂ ಮುಟ್ಟಲಿಲ್ಲ, ಚೀಲದಿಂದ ತಮ್ಮದೇ ಬಾಟಲಿ ತೆಗೆದು ನೀರು ಕುಡಿದರು. ಅನುಭವಸ್ಥರು!

ಗೆರೆ ಬಂದದ್ದು ಹೀಗೆ. ರಸ್ತೆಯ ಕಡೆ ಹಗ್ಗ ಗಡಿ ದಾಟಿ ನಮ್ಮೊಳಗೆ 3 ಲಿಂಕ್ಸ್ ಬಂದಿತ್ತು, ಎರಡು ಅಡಿ. ಆದರೆ ನಮ್ಮ ಹಳೆ ಬೇಲಿಯೂ ಅಲ್ಲಿ ಅವರ ಜಾಗದಲ್ಲಿ ಒಂದು ಅಡಿ ನಿಂತಿತ್ತು. ತೋಡಿನ ಕಡೆ ಉಲ್ಟಾ. ಅಲ್ಲಿ ಬೇಲಿ ನಮ್ಮೊಳಗೇ 2 ಲಿಂಕ್ಸ್ ಬಂದಿತ್ತು. "ಹಸಿ ಬೇಲಿ ಅಲ್ವಾ, ನಡೀತದೆ" ಅಂದರು ಭೂಮಾಪಕರು. ಒಂದು ಗೂಟ ಕೊಳೆತರೆ ಹೊಸದನ್ನು ಅದೇ ಗುಂಡಿಯಲ್ಲಿ ಯಾರೂ ಊರುವುದಿಲ್ಲ, ಪಕ್ಕದಲ್ಲಿ ಊರುತ್ತಾರೆ. ಪಕ್ಕ ಅಂದರೆ ಆಚೆ ಪಕ್ಕ.

ಹೀಗೆ ರಸ್ತೆ ಬದಿಯ ಒಂದು ಅಡಿ ಒಳ್ಳೆ ನೆಲ ಹೋಯಿತು. ತೋಡಿನ ಬದಿಯಲ್ಲಿ ಹದಿನಾರು ಇಂಚು ಕೆಸರು ಬಂತು, ಅದೂ ಮಳೆಗಾಲದ ಆಟಿ ತಿಂಗಳಲ್ಲಿ ನೀರಿನಡಿ ಇರುವಂಥದ್ದು. ಸಹಿ ಹಾಕುವಾಗ ನನ್ನ ಮುಖ ಹೇಗಿತ್ತೋ, ಪಕ್ಕದವರು "ಬೇಕಾದರೆ ಮೀನು ಹಿಡಿಯಬಹುದು" ಅಂದರು. ಏಳು ತಿಂಗಳ ನಂತರದ ಮೊದಲ ಮಾತು. ನಗದೆ ಇರಲು ಆಗಲಿಲ್ಲ.

ತೋಡಿನ ಮೂಲೆಯಲ್ಲಿ ಇರಬೇಕಾಗಿದ್ದ ಕಲ್ಲು ಮಾತ್ರ ಸಿಗಲಿಲ್ಲ. ಎಷ್ಟು ಅಗೆದರೂ ಒಡೆದ ಹಂಚಿನ ಚೂರು, ಕೆಸರು. ಬೇರೆ ಕಲ್ಲುಗಳಿಂದ ಅಳೆದು ಅಲ್ಲಿ ಹೊಸದೊಂದನ್ನು ನೆಡಿಸಿದರು. "ಯಾರೋ ಕಿತ್ತಿದ್ದಾರೆ" ಅಂದರು ಭೂಮಾಪಕರು. ನಾನು ಪಕ್ಕದವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು.

ಪಾಗಾರ ಡಿಸೆಂಬರಿನಲ್ಲಿ ಎದ್ದಿತು. ನಾನು ನಲವತ್ತು ಹಂಚು ತಂದು ಅವರ ಅಂಗಳದಲ್ಲಿ ಇಳಿಸಿದೆ, ಅವರು ಬೇಡ ಅನ್ನಲಿಲ್ಲ. ದಾಟಿ ಹೋಗಲು ತಡಮೆಗೆ ಜಾಗ ಬಿಡಬೇಕಾ ಅಂತ ಮೇಸ್ತ್ರಿ ಕೇಳಿದ. ಅವರೂ ಬಿಡು ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಈಗ ಅಮ್ಮ ಆ ಮನೆಗೆ ಹೋಗುವುದಿದ್ದರೆ ರಸ್ತೆ ಸುತ್ತಿ ಹೋಗುತ್ತಾರೆ, ಮಂಡಿನೋವು ಅಂತ ನನಗೆ ಬೈಯುತ್ತಾ.

ಪಾಗಾರದ ಕೊನೆಯ ಸಾಲು ಮುಗಿದ ದಿನ ರಾತ್ರಿ ಊಟಕ್ಕೆ ಬಡಿಸುತ್ತಾ ಅಮ್ಮ ಮೆಲ್ಲಗೆ ಹೇಳಿದರು. "ತೋಡಿನ ಹತ್ತಿರದ ಆ ಕಲ್ಲು ನಮ್ಮ ಬಟ್ಟೆ ಒಗೆಯುವ ಕಲ್ಲಿನ ಅಡಿಯಲ್ಲಿ ಉಂಟು."

"ಏನು?"

"ಒಂದು ಮಳೆಗಾಲದಲ್ಲಿ ಕೊಚ್ಚಿಹೋಗಿ ತೋಡಿನಲ್ಲಿ ಬಿದ್ದಿತ್ತು. ಒಳ್ಳೆ ಕಲ್ಲು ಅಂತ ನಿಮ್ಮಪ್ಪ ಎತ್ತಿಕೊಂಡು ಬಂದು ಅಡಿಗೆ ಕೊಟ್ಟರು. ಅಲ್ಲಾಡುವುದು ನಿಂತಿತು."

"ಅವತ್ತೇ ಯಾಕೆ ಹೇಳಲಿಲ್ಲ?"

"ಅಷ್ಟು ಜನರ ಎದುರಿಗಾ?"

ಕೈ ತೊಳೆದು ಟಾರ್ಚ್ ಹಿಡಿದು ಹಿತ್ತಿಲಿಗೆ ಹೋದೆ. ಬಗ್ಗಿ ನೋಡಿದರೆ ಹೌದು, ಸೋಪಿನ ಬಿಳಿ ಕೆಸರು ಮೆತ್ತಿಕೊಂಡ ಕರ್ಗಲ್ಲು, ಅಡ್ಡ ಮಲಗಿತ್ತು. ಬೆರಳಿನಿಂದ ಉಜ್ಜಿದೆ. ತಲೆಯಲ್ಲಿ ಅದೇ ಗೆರೆ. ಪಾಗಾರದ ಆಚೆ ಯಾರೋ ಕೆಮ್ಮಿದರು. ಟಾರ್ಚ್ ಆರಿಸಿದೆ.