ಸ್ಟ್ರೋಬ್ ಗೆರೆ ನಿಂತ ಮಾತ್ರಕ್ಕೆ ವೇಗ ಸರಿಯಿದೆ ಎಂದಲ್ಲ

ಅಮೆರಿಕದಿಂದ ತಂದ ಹಳೆಯ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್ಲಿಗೆ (ಮೋಟರು ಬೆಲ್ಟಿನ ಮೂಲಕ ತಿರುಗಿಸುವ ರೆಕಾರ್ಡ್ ಪ್ಲೇಯರಿಗೆ) ಟ್ರಾನ್ಸ್‌ಫಾರ್ಮರ್ ಹಾಕಿ ಬೆಂಗಳೂರಿನಲ್ಲಿ ಓಡಿಸಿದರೆ ವೋಲ್ಟೇಜು ಸರಿಹೋಗುತ್ತದೆ, ವೇಗ ಸರಿಹೋಗುವುದಿಲ್ಲ. ಅದರ ಸಿಂಕ್ರನಸ್ ಮೋಟರು ಕರೆಂಟಿನ ಆವರ್ತನಕ್ಕೆ ಕಟ್ಟುಬಿದ್ದದ್ದು. 24 ಧ್ರುವಗಳ ಮೋಟರು 60 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 300 ಸುತ್ತು ತಿರುಗಿದರೆ ನಮ್ಮ 50 ಹರ್ಟ್ಸ್‌ನಲ್ಲಿ ತಿರುಗುವುದು 250 ಮಾತ್ರ. ರೆಕಾರ್ಡು ಕೂರುವ ತಟ್ಟೆಯ, ಅಂದರೆ ಪ್ಲ್ಯಾಟರಿನ ವೇಗ ನಿಮಿಷಕ್ಕೆ 33⅓ ಸುತ್ತಿನಿಂದ 27.78ಕ್ಕೆ ಇಳಿಯುತ್ತದೆ, ಹಾಡಿನ ಶ್ರುತಿ ಮೂರು ಸ್ವರಸ್ಥಾನಕ್ಕಿಂತ ತುಸು ಹೆಚ್ಚೇ ತಗ್ಗುತ್ತದೆ. ವೇಗ ನೋಡಲು ಸ್ಟ್ರೋಬ್ ಕಾರ್ಡು ಬಳಸುತ್ತಾರೆ: ಕರೆಂಟಿನ ಜೊತೆ ಮಿನುಗುವ ದೀಪದಲ್ಲಿ ಅದರ ಗೆರೆಗಳು ನಿಂತಂತೆ ಕಂಡರೆ ವೇಗ ಸರಿ ಎಂದು ಲೆಕ್ಕ. ಆದರೆ ಅಮೆರಿಕದ 216 ಗೆರೆಗಳ ಕಾರ್ಡನ್ನು ಈ ಪ್ಲ್ಯಾಟರ್ ಮೇಲಿಟ್ಟು ನಿಯಾನ್ ದೀಪದಲ್ಲಿ ನೋಡಿದರೆ ಗೆರೆಗಳು ಅಲುಗಾಡದೆ ನಿಂತಿರುತ್ತವೆ! ದೀಪವೂ ಮೋಟರೂ ಒಂದೇ ಕರೆಂಟಿನ ತಾಳಕ್ಕೆ ನಡೆಯುವುದರಿಂದ ಎರಡೂ ಒಟ್ಟಿಗೇ ತಪ್ಪಿರುತ್ತವೆ.

ಇದಕ್ಕೆ ಮದ್ದು 20 ಶೇಕಡಾ ಹೆಚ್ಚು ದಪ್ಪದ 50 ಹರ್ಟ್ಸ್ ಪುಲ್ಲಿ (ಬೆಲ್ಟ್ ಸುತ್ತುವ ಮೋಟರಿನ ಗಾಲಿ), ಇಲ್ಲವೇ 60 ಹರ್ಟ್ಸ್ ಹುಟ್ಟಿಸುವ ಪವರ್ ಸಪ್ಲೈ. ನಮ್ಮಲ್ಲಿಗೆ ಸರಿಯಾದ ಕಾರ್ಡಿನಲ್ಲಿ 33⅓ಕ್ಕೆ 180 ಗೆರೆ ಇರಬೇಕು. 45ಕ್ಕೆ ಲೆಕ್ಕ 133⅓ ಬರುತ್ತದೆ. ಮೂರನೇ ಒಂದು ಗೆರೆ ಎಳೆಯಲಾಗದು, 133 ಎಳೆಯುತ್ತಾರೆ. ಹಾಗಾಗಿ ಗೆರೆ ನಿಂತಾಗ ನಿಜವಾದ ವೇಗ 45.11. ಅಂದಹಾಗೆ, ಎಲ್‌ಇಡಿ ಬಲ್ಬು ಹೆಚ್ಚಾಗಿ ಈ ಕೆಲಸಕ್ಕೆ ಬಾರದು, ಅದರ ಮಿನುಗು ಕರೆಂಟಿನ ಜೊತೆ ಹೋಗುವ ಖಾತ್ರಿಯಿಲ್ಲ.

ಆದ್ದರಿಂದ ಕರೆಂಟಿಗೆ ಸಂಬಂಧವೇ ಇಲ್ಲದ ಗಡಿಯಾರದಿಂದ ಅಳೆಯಬೇಕು. ಅಂಥ ಗಡಿಯಾರ ಪ್ರತಿಯೊಬ್ಬರ ಫೋನಿನಲ್ಲಿದೆ. ಪ್ಲ್ಯಾಟರಿನ ಅಂಚಿಗೆ ಸಣ್ಣ ಬಿಳಿ ಸ್ಟಿಕ್ಕರು, ಪಕ್ಕದಲ್ಲಿ ಅಲ್ಲಾಡದ ಒಂದು ಗುರುತು. ಕಾಲು ಗಂಟೆ ಓಡಿಸಿ, ಬೇರಿಂಗಿನ ಎಣ್ಣೆ ಬೆಚ್ಚಗಾಗಲಿ. ರೆಕಾರ್ಡು ಹಾಕಿ ಮುಳ್ಳನ್ನೂ ಇಳಿಸಿರಬೇಕು. ಮುಳ್ಳಿನ ಎಳೆತಕ್ಕೆ ವೇಗ ಇಳಿಯುತ್ತದೆಯೇ ಎಂಬುದೇ ನಮಗೆ ಬೇಕಾದದ್ದು. ಫೋನನ್ನು ಸ್ಟ್ಯಾಂಡಿಗೆ ಹಾಕಿ, ಒಳ್ಳೆಯ ಬೆಳಕಿನಲ್ಲಿ 100 ಸುತ್ತಿನ ವಿಡಿಯೊ ತೆಗೆಯಿರಿ. ಸರಿಯಾಗಿದ್ದರೆ 180 ಸೆಕೆಂಡು. 6000ವನ್ನು ಬಂದ ಸೆಕೆಂಡುಗಳಿಂದ ಭಾಗಿಸಿದರೆ ವೇಗ: 179.1 ಬಂದರೆ 33.50, ಅಂದರೆ ಅರ್ಧ ಶೇಕಡಾ ಹೆಚ್ಚು. ಸೆಕೆಂಡಿಗೆ 30 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮ್ ಆಚೀಚೆಯಾದರೂ ತಪ್ಪು 0.02 ಶೇಕಡಾ. ಮಂಕು ಬೆಳಕಿನಲ್ಲಿ ಫೋನು ಫ್ರೇಮ್ ದರವನ್ನೇ ಇಳಿಸುವುದುಂಟು, ಆದ್ದರಿಂದ ಫ್ರೇಮ್ ಎಣಿಸದೆ ಸಮಯವನ್ನೇ ಓದಿ.

ಫೋನನ್ನೇ ಪ್ಲ್ಯಾಟರ್ ಮೇಲಿಟ್ಟು ಜೈರೊಸ್ಕೋಪಿನಿಂದ ಅಳೆಯುವ ಆ್ಯಪ್‌ಗಳು ಏರಿಳಿತ ನೋಡಲು ಚೆನ್ನ. ಅವು ಕೊಡುವ ಸರಾಸರಿ ಅಂಕಿಯನ್ನು ಈ 100 ಸುತ್ತಿನ ಲೆಕ್ಕಕ್ಕೆ ಹೋಲಿಸದೆ ನಂಬಬಾರದು.

ಸರಾಸರಿ ವೇಗ ಒಂದು, ಕ್ಷಣಕ್ಷಣದ ಓಲಾಟ ಇನ್ನೊಂದು. ಎರಡನೆಯದಕ್ಕೆ 3150 ಹರ್ಟ್ಸ್ ಸ್ವರವಿರುವ ಟೆಸ್ಟ್ ರೆಕಾರ್ಡು ಬೇಕು. ಅದನ್ನು ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಂಡು, ಸ್ವರ ಎಷ್ಟು ವೇಗದಲ್ಲಿ ಓಲಾಡುತ್ತಿದೆ ಎಂದು ನೋಡಿ. ಸೆಕೆಂಡಿಗೆ 0.556 ಬಾರಿ ಎಂದರೆ ಸುತ್ತಿಗೊಮ್ಮೆ. ಅನುಮಾನ ಮೊದಲು ರೆಕಾರ್ಡಿನ ಮೇಲಿರಲಿ. ನಡುವಿನ ತೂತು 0.2 ಮಿ.ಮೀ. ಸರಿದಿದ್ದರೂ 100 ಮಿ.ಮೀ. ತ್ರಿಜ್ಯದಲ್ಲಿ ಸ್ವರ ಆಚೆ ಈಚೆ 0.2 ಶೇಕಡಾ ಓಲಾಡುತ್ತದೆ, ಒಳ್ಳೆಯ ಯಂತ್ರದ ಸ್ವಂತ ದೋಷಕ್ಕಿಂತ ಅದೇ ಹೆಚ್ಚು. ಪ್ಲ್ಯಾಟರ್ ಮೇಲೆ ರೆಕಾರ್ಡನ್ನು ಅರ್ಧ ಸುತ್ತು ತಿರುಗಿಸಿಟ್ಟು ಮತ್ತೆ ಅಳೆಯಿರಿ. ಏರಿಳಿತ ರೆಕಾರ್ಡಿನ ಜೊತೆಗೇ ಸರಿದರೆ ತಪ್ಪು ರೆಕಾರ್ಡಿನದು, ಪ್ಲ್ಯಾಟರಿನ ಜೊತೆ ಉಳಿದರೆ ಯಂತ್ರದ್ದು.

ಬೆಲ್ಟ್ ಡ್ರೈವಿನಲ್ಲಿ ಮೋಟರು 250ಕ್ಕೆ ತಿರುಗುತ್ತಿದ್ದು ಓಲಾಟ 4.17 ಹರ್ಟ್ಸ್‌ನಲ್ಲಿದ್ದರೆ ಪುಲ್ಲಿ ಸೊಟ್ಟಗಿದೆ, ಇಲ್ಲವೇ ಅದಕ್ಕೆ ಕೊಳೆ ಮೆತ್ತಿದೆ. ಬೆಲ್ಟ್ ಸಡಿಲಾದರೆ ಮುಳ್ಳು ಇಳಿದಾಗ ವೇಗ ಕುಸಿಯುತ್ತದೆ. ಅಗ್ಗದ ಡಿಸಿ ಮೋಟರಿನ ಯಂತ್ರಗಳಲ್ಲಿ ವೇಗ ಹೊಂದಿಸುವ ಪುಟ್ಟ ತಿರುಪು ಹೆಚ್ಚಾಗಿ ಮೋಟರಿನ ತಳದ ತೂತಿನೊಳಗೆ ಇರುತ್ತದೆ. ಯಂತ್ರ ಬಿಸಿಯಾದ ಮೇಲೆಯೇ ಅದನ್ನು ಕೂದಲೆಳೆಯಷ್ಟು ತಿರುಗಿಸಬೇಕು.

ಗ್ಯಾರಾರ್ಡ್ 301ರಂಥ ಐಡ್ಲರ್ ಯಂತ್ರದಲ್ಲಿ ಬೆಲ್ಟಿನ ಬದಲು ರಬ್ಬರ್ ಚಕ್ರವೊಂದು ಮೋಟರಿನ ತಿರುಗನ್ನು ಪ್ಲ್ಯಾಟರಿಗೆ ದಾಟಿಸುತ್ತದೆ. ಆ ಚಕ್ರ ಸವೆದು ಚಿಕ್ಕದಾದರೂ ವೇಗ ಬದಲಾಗದು, ಏಕೆಂದರೆ ವೇಗ ನಿರ್ಧರಿಸುವುದು ಮೋಟರ್ ದಂಡ ಮತ್ತು ಪ್ಲ್ಯಾಟರ್ ಅಂಚಿನ ಅನುಪಾತ. ಕೆಡುವುದು ಬೇರೆಡೆ: ಚಕ್ರ ಒತ್ತಿಕೊಂಡೇ ಇರುವಂತೆ ಬಿಟ್ಟರೆ ರಬ್ಬರು ಒಂದೆಡೆ ಚಪ್ಪಟೆಯಾಗಿ ಪ್ರತಿ ಸುತ್ತಿಗೂ ಟಕ್ಕೆನ್ನುತ್ತದೆ, ಎಣ್ಣೆ ತಾಕಿದರೆ ಜಾರುತ್ತದೆ. ಎಣ್ಣೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ತೆಗೆಯಬಹುದು. ಚಪ್ಪಟೆಯಾದ ರಬ್ಬರಿಗೆ ಹೊಸ ಚಕ್ರವೇ ಗತಿ.

ಸರಾಸರಿ ವೇಗದ ಮಟ್ಟಿಗೆ ಕ್ವಾರ್ಟ್ಜ್ ಡೈರೆಕ್ಟ್ ಡ್ರೈವನ್ನು (ಮೋಟರೇ ನೇರ ಪ್ಲ್ಯಾಟರನ್ನು ತಿರುಗಿಸುವ, ಕ್ವಾರ್ಟ್ಜ್ ಹರಳಿನ ತಾಳಕ್ಕೆ ವೇಗ ಕಾಯುವ ಯಂತ್ರವನ್ನು) ಮೀರಿಸುವುದು ಕಷ್ಟ. 1979ರ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2ರ ವಾವ್ ಮತ್ತು ಫ್ಲಟರ್, ಅಂದರೆ ಕ್ಷಣಕ್ಷಣದ ಓಲಾಟವೂ, 0.025 ಶೇಕಡಾ ಎಂದು ಕಂಪನಿಯೇ ಕೊಟ್ಟ ಅಂಕಿ. ಅದರ ಸ್ಟ್ರೋಬ್ ದೀಪವೂ ಕರೆಂಟನ್ನಲ್ಲ, ಕ್ವಾರ್ಟ್ಜನ್ನೇ ಅನುಸರಿಸುತ್ತದೆ. ಪ್ಲ್ಯಾಟರ್ ಅಂಚಿನ ನಾಲ್ಕು ಸಾಲು ಚುಕ್ಕೆಗಳಲ್ಲಿ ದೊಡ್ಡವು ನಿಂತರೆ ಸರಿಯಾದ ವೇಗ. ಉಳಿದ ಸಾಲುಗಳು ನಿಂತರೆ ವೇಗ +6, +3.3, −3.3 ಶೇಕಡಾ. ವೇಗ ಏರಿಳಿಸುವ ಪಿಚ್ ಸ್ಲೈಡರು ನಡುವಿನಲ್ಲಿದ್ದು ಹಸಿರು ದೀಪ ಹೊತ್ತಿದ್ದರೂ ದೊಡ್ಡ ಚುಕ್ಕೆಗಳು ಸರಿಯುತ್ತಿದ್ದರೆ ದೋಷವನ್ನು ಕಂಟ್ರೋಲ್ ಬೋರ್ಡಿನಲ್ಲಿ ಹುಡುಕಬೇಕು. ಸ್ಲೈಡರ್ ಸರಿಸಿದಾಗ ಮಾತ್ರ ವೇಗ ನೆಗೆಯುತ್ತಿದ್ದರೆ ಸ್ಲೈಡರಿನ ಒಳಗೆ ಧೂಳು ಕೂತಿದೆ, ಕಾಂಟ್ಯಾಕ್ಟ್ ಕ್ಲೀನರ್ ಸಾಕು.