ಬೇಟೆನಾಯಿಗೆ ವಿಧೇಯತೆಯ ಪಾಠ

ನಮ್ಮ ಮನೆಯ ಮುಧೋಳ ನಾಯಿ ಚೆನ್ನಿ ಕಳೆದ ಭಾನುವಾರ ಪ್ರಾಥಮಿಕ ವಿಧೇಯತಾ ತರಬೇತಿಯನ್ನು ಮುಗಿಸಿ ಪ್ರಮಾಣಪತ್ರವನ್ನೂ ಪಡೆದಳು. ಪೊಲೀಸ್ ಶ್ವಾನದಳದಲ್ಲಿ ಬಹುಕಾಲ ದುಡಿದು ನಿವೃತ್ತರಾದ ಹಿರಿಯರೊಬ್ಬರು ಧಾರವಾಡದ ಮೈದಾನವೊಂದರಲ್ಲಿ ನಡೆಸುವ ಈ ತರಗತಿಯಲ್ಲಿ ಲ್ಯಾಬ್ರಡಾರ್‌ಗಳು, ಜರ್ಮನ್ ಶೆಫರ್ಡ್, ಎಡೆಬಿಡದೆ ಬೊಗಳುವ ಒಂದು ಪಾಮೇರಿಯನ್ ಮತ್ತು ಬೀದಿಯಿಂದ ಮನೆ ಸೇರಿದ ಕರಿ ನಾಯಿಯೊಂದು ಅವಳ ಸಹಪಾಠಿಗಳಾಗಿದ್ದವು. ಕೂಡುವುದು, ಮಲಗುವುದು, ಹೇಳಿದಲ್ಲೇ ತಡೆದು ನಿಲ್ಲುವುದು, ಕರೆದರೆ ಬರುವುದು, ಬಾಯಿ ಹಾಕಿದ್ದನ್ನು ಬಿಡುವುದು, ಹಗ್ಗ ಎಳೆಯದೆ ಪಕ್ಕದಲ್ಲಿ ನಡೆಯುವುದು ಎಂಬ ಪಾಠಗಳು ಎಲ್ಲ ತರಗತಿಗಳಲ್ಲೂ ಇರುವಂಥವೇ. ಆದರೆ ಇವುಗಳ ಅನುಕ್ರಮವು ಮನುಷ್ಯನ ಮುಖ ನೋಡುವ ನಾಯಿಗಳಿಗೆ ಒಗ್ಗುವಂಥದ್ದು. ದೂರದ ಬಯಲನ್ನೇ ನೋಡುತ್ತ ನಿಲ್ಲುವ ನಾಯಿಯೊಂದಿಗೆ ಅದನ್ನು ಮುಗಿಸಿದ ಮೇಲೆ, ಇವುಗಳಲ್ಲಿ ಅನಿವಾರ್ಯವಾದದ್ದು ಯಾವುದು, ಬರಿಯ ವಾಡಿಕೆ ಯಾವುದು ಎಂಬ ವಿಷಯದಲ್ಲಿ ನನ್ನ ಎಣಿಕೆ ಬದಲಾಗಿದೆ.

ಚೆನ್ನಿಯನ್ನು ತರಗತಿಗೆ ಸೇರಿಸುತ್ತೇವೆಂದಾಗ ನೆರೆಯವರು ನಕ್ಕಿದ್ದರು. ಘೋರ್ಪಡೆ ಅರಸರು ಸಾಕಿ ಬೆಳೆಸಿದ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ಸೈನ್ಯದವರೂ ಮೀರತ್‌ಗೆ ಒಯ್ದು ಪಳಗಿಸಿ ನೋಡಿದ ತಳಿಗೆ ನಿಮ್ಮ ಪಾಠವೇಕೆ ಎಂಬುದು ಅವರ ವಾದ. ತಳಿಯ ಕೀರ್ತಿ ನಿಜವೇ. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಈ ನಾಯಿಗಳಿಗೆಂದೇ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಆದರೆ ತಳಿಯ ಕಸುಬೇ ಬೇರೆ. ಬೇಟೆಗಾರನು ಹೊಡೆದ ಹಕ್ಕಿಯನ್ನು ಅವನ ಸನ್ನೆ ನೋಡಿ ಎತ್ತಿ ತರುವುದು ಲ್ಯಾಬ್ರಡಾರ್‌ನ ಕೆಲಸವಾಗಿತ್ತು. ಶೆಫರ್ಡ್ ಕುರಿಗಾಹಿಯ ಮಾತಿನಂತೆ ಹಿಂಡನ್ನು ತಿರುಗಿಸುತ್ತಿತ್ತು. ಮುಧೋಳ ನಾಯಿಯಾದರೋ ವಾಸನೆಗಿಂತ ಕಣ್ಣನ್ನು ನಂಬಿ, ಮನುಷ್ಯನ ಕಾಲು ಮುಟ್ಟಲಾಗದ ವೇಗದಲ್ಲಿ ಮೊಲವನ್ನು ಬೆನ್ನಟ್ಟಿ, ಎಲ್ಲಿ ತಿರುಗಬೇಕು ಎಲ್ಲಿ ಹಾರಬೇಕು ಎಂಬುದನ್ನು ತಾನೇ ನಿರ್ಧರಿಸಬೇಕಾಗಿತ್ತು. ಓಟದ ನಡುವೆ ಹಿಂತಿರುಗಿ ಒಡೆಯನ ಅಪ್ಪಣೆ ಕೇಳುವ ನಾಯಿಗೆ ಮೊಲ ಸಿಗುತ್ತಿರಲಿಲ್ಲ. ಹಾಗಾಗಿ ಅಂಥದ್ದನ್ನು ಯಾರೂ ತಳಿಗೆ ಉಳಿಸಿಕೊಂಡಿರಲಾರರು.

ಮೊದಲ ದಿನ ತರಬೇತುದಾರರು ಬೇರೇನನ್ನೂ ಮಾಡುವ ಮೊದಲು ಅವಳ ಕೊರಳಪಟ್ಟಿಯನ್ನು ಬದಲಿಸಲು ಹೇಳಿದರು. ಈ ತಳಿಯ ತಲೆ ಕಿರಿದು, ಕುತ್ತಿಗೆ ದಪ್ಪ. ಸಾಮಾನ್ಯ ಪಟ್ಟಿಯಿದ್ದರೆ ನಾಯಿ ಎರಡು ಹೆಜ್ಜೆ ಹಿಂದೆ ಸರಿದು ತಲೆಯನ್ನು ತಗ್ಗಿಸಿದರೆ ಸಾಕು, ಪಟ್ಟಿ ನಮ್ಮ ಕೈಯಲ್ಲಿ, ನಾಯಿ ರಸ್ತೆಯಲ್ಲಿ. ಹಗ್ಗ ಜಗ್ಗಿದಾಗ ಒಂದು ಮಿತಿಯವರೆಗೆ ಮಾತ್ರ ಬಿಗಿಯಾಗಿ ಮತ್ತೆ ಸಡಿಲಾಗುವ, ಎರಡು ಕುಣಿಕೆಗಳ ಮಾರ್ಟಿಂಗೇಲ್ ಪಟ್ಟಿಯನ್ನು ತರಿಸಿದೆವು. ಕುತ್ತಿಗೆ ಹಿಸುಕುವ ಸರಪಳಿಯನ್ನು ಅವರು ಯಾವ ನಾಯಿಗೂ ಒಪ್ಪಲಿಲ್ಲ. ಹಳೆಯ ಶ್ವಾನದಳದ ಶಿಸ್ತಿನಿಂದ ಬಂದವರು ಹೀಗೆ ಹೇಳಿದ್ದು ನನಗೆ ಸಮಾಧಾನ ತಂದಿತು, ಏಕೆಂದರೆ ಚೆನ್ನಿ ದನಿ ಏರಿಸಿದರೂ ಮೂಲೆ ಸೇರಿ ಎರಡು ಹೊತ್ತು ಮುನಿಸಿಕೊಳ್ಳುವವಳು.

ಎಲ್ಲರಿಗೂ ಸುಲಭವಾದ ‘ಕುಂಡ್ರು’ ಪಾಠವೇ ಅವಳಿಗೆ ಕಠಿಣವಾಯಿತು. ಮಾಂಸಖಂಡ ತುಂಬಿದ ಉದ್ದನೆಯ ತೊಡೆ, ಆಳವಾದ ಎದೆ, ಮೈಯಲ್ಲಿ ಕೊಬ್ಬೆಂಬುದೇ ಇಲ್ಲ. ಹಿಂಗಾಲು ಮಡಿಸಿದಳೆಂದು ನಾವು ಸಂತೋಷಪಡುವಷ್ಟರಲ್ಲಿ ಬುಡವು ನೆಲದಿಂದ ಮೂರು ಬೆರಳು ಮೇಲೆಯೇ ನಿಂತು, ತೊಡೆಗಳು ಸಣ್ಣಗೆ ನಡುಗತೊಡಗುತ್ತಿದ್ದವು. ಬೆನ್ನನ್ನು ಒತ್ತಿ ಕೂರಿಸಬಾರದೆಂದು ತರಬೇತುದಾರರು ಕಟ್ಟುನಿಟ್ಟಾಗಿ ಹೇಳಿ, ಅವಳಿಗಾಗಿ ‘ನಿಲ್ಲು’ ಎಂಬ ಪಾಠವನ್ನು ಮೊದಲಿಗೆ ತಂದರು. ಮಲಗಿಸುವ ಪಾಠಕ್ಕೆ ಮನೆಯಿಂದ ದಪ್ಪ ಕೌದಿಯೊಂದನ್ನು ಒಯ್ದೆವು; ಬರಿ ನೆಲದ ಮೇಲೆ ಎಲುಬಿನ ಮೊಣಕೈ ಊರಲು ಒಲ್ಲೆನೆಂದವಳು ಕೌದಿ ಹಾಸಿದೊಡನೆ ರಾಣಿಯಂತೆ ಮಲಗಿದಳು. ನಾಯಿ ಕೂತಿದೆಯೋ ನಿಂತಿದೆಯೋ ಎಂಬುದಕ್ಕಿಂತ ಹೇಳಿದ ಜಾಗದಲ್ಲಿ ಅಲುಗದೆ ಇದೆಯೋ ಇಲ್ಲವೋ ಎಂಬುದೇ ಮುಖ್ಯವೆಂದು ನನಗನ್ನಿಸಿದ್ದು ಆಗಲೇ.

‘ಬಿಡು’ ಪಾಠವನ್ನು ಮಾತ್ರ ಅವಳು ಎಲ್ಲರಿಗಿಂತ ಬೇಗ ಕಲಿತಳು. ಬೇಯಿಸಿದ ಕೋಳಿಯ ಲಿವರ್ ಚೂರನ್ನು ಮುಷ್ಟಿಯಲ್ಲಿ ಹಿಡಿದು ಮೂಗಿನ ಮುಂದೆ ಒಡ್ಡಬೇಕು. ನಾಯಿ ನೆಕ್ಕಲಿ, ಕೆರೆಯಲಿ, ಮುಷ್ಟಿ ತೆರೆಯಬಾರದು; ಅದು ಸೋತು ಮುಖವನ್ನು ಹಿಂದಕ್ಕೆ ತೆಗೆದ ಕ್ಷಣವೇ ‘ಶಾಬಾಸ್’ ಎಂದು ಇನ್ನೊಂದು ಕೈಯಿಂದ ತಿನಿಸು ಕೊಡಬೇಕು. ಆ ಕ್ಷಣ ತಪ್ಪಿ ತಡವಾದರೆ ನಾಯಿ ಅಷ್ಟರಲ್ಲಿ ಮಾಡುತ್ತಿರುವ ಬೇರೊಂದು ಕೆಲಸಕ್ಕೆ ಬಹುಮಾನ ಸಿಕ್ಕಂತಾಗುತ್ತದೆ. ರಸ್ತೆಬದಿಯ ಎಲುಬು, ಇಲಿಪಾಷಾಣ ಬೆರೆಸಿದ ತಿನಿಸು ಇವೆಲ್ಲ ಇರುವ ಊರಿನಲ್ಲಿ ಜೀವ ಉಳಿಸುವ ಪಾಠವಿದು.

ಅತಿ ಹೆಚ್ಚು ಶ್ರಮ ತೆಗೆದುಕೊಂಡದ್ದು ‘ಬಾ’. ನಮ್ಮವ್ವ ಜೊತೆಗೆ ಬಂದ ದಿನ ಅವಳನ್ನು ಕರೆದ ರೀತಿ ಕೇಳಿ ತರಬೇತುದಾರರು ನಗುತ್ತಲೇ ತಿದ್ದಿದರು: “ಅವ್ವಾರ, ಒಂದ ಸಲ ಕರೀರಿ. ಹತ್ತ ಸಲ ಕರದ್ರ ಹತ್ತನೇದಕ್ಕ ಬರೂದನ್ನ ಕಲೀತೈತಿ.” ದೂರ, ಅವಧಿ, ಸುತ್ತಲಿನ ಸೆಳೆತ, ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಹೆಚ್ಚಿಸಬೇಕೆಂಬುದು ಅವರ ನಿಯಮ. ಖಾಲಿ ಅಂಗಳದಲ್ಲಿ ನಾಲ್ಕು ಹೆಜ್ಜೆಯಿಂದ ಬಂದ ನಾಯಿ ಆಡುಗಳಿರುವ ಮೈದಾನದಲ್ಲಿ ನಲವತ್ತು ಹೆಜ್ಜೆಯಿಂದ ಬರಲೇಬೇಕೆಂದು ಹಟ ಹಿಡಿಯುವುದು ಎರಡನ್ನೂ ಒಟ್ಟಿಗೆ ಏರಿಸಿದಂತೆ. ಕರೆಸಿಕೊಂಡು ಬೈಯುವುದು, ಆಟ ನಿಲ್ಲಿಸಲೆಂದೇ ಕರೆಯುವುದು, ಸ್ನಾನಕ್ಕೆ ಕರೆಯುವುದು, ಇವೂ ನಿಷಿದ್ಧ. ‘ಬಾ’ ಎಂದ ಮೇಲೆ ಅವಳಿಗೆ ಕೆಟ್ಟದ್ದೇನೂ ಆಗಬಾರದು.

ಪರೀಕ್ಷೆಯ ದಿನ ಪಕ್ಕದಲ್ಲಿ ನಡೆಯುವುದು, ಅಪರಿಚಿತರು ಸಮೀಪಿಸಿದಾಗ ಹಿಂಜರಿಯದಿರುವುದು ಮುಂತಾದವು ಸಲೀಸಾಗಿ ಮುಗಿದವು. ಕೂಡಬೇಕಾದಲ್ಲಿ ಅವಳು ನಿಂತೇ ಇದ್ದಳು, ಅದನ್ನು ಒಪ್ಪಿಕೊಂಡರು. ಕರೆದಾಗ ಒಮ್ಮೆ ಬೇಲಿಯಾಚೆಯ ಆಡಿನ ಮರಿಯನ್ನು ದಿಟ್ಟಿಸಿ, ಕಿವಿ ನಿಮಿರಿಸಿ, ಅನಂತರ ನನ್ನತ್ತ ಓಡಿಬಂದಳು. ಉಳಿದ ನಾಯಿಗಳ ಒಡೆಯರಿಗೆ ಅದೊಂದು ತಡವೆನಿಸಿರಬಹುದು. ನನ್ನ ಮಟ್ಟಿಗೆ ಇಡೀ ತರಗತಿಯ ಶುಲ್ಕ ಅಲ್ಲಿಗೇ ಸಂದಾಯವಾಯಿತು.

ಆದರೂ ಆವರಣವಿಲ್ಲದ ಬಯಲಿನಲ್ಲಿ ಅವಳ ಹಗ್ಗವನ್ನು ಬಿಚ್ಚುವುದಿಲ್ಲ. ಬೇಲಿಯೊಳಗಿನ ಆಡಿನ ಮರಿ ಬೇರೆ, ಕಣ್ಣೆದುರು ಓಡುವ ಮೊಲ ಬೇರೆ, ಪ್ರಮಾಣಪತ್ರವು ಎರಡನೆಯದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಸದ್ಯಕ್ಕೆ ಹತ್ತು ಮೀಟರಿನ ಹಗುರವಾದ ಹಗ್ಗ ಕಟ್ಟಿ ಬೆಳಗಿನ ಹೊತ್ತು ಕರೆಯುವ ಅಭ್ಯಾಸವನ್ನಷ್ಟೇ ಮುಂದುವರಿಸಿದ್ದೇವೆ. ಮುಂದಿನ ಹಂತದ ತರಗತಿಯಲ್ಲಿ ‘ಬಾ’ ಒಂದನ್ನೇ ಕಲಿಸಬಹುದೇ ಎಂದು ತರಬೇತುದಾರರನ್ನು ಕೇಳಿದ್ದೇನೆ. ಮಳೆಗಾಲ ಮುಗಿಯಲಿ, ಮೈದಾನ ಒಣಗಿದ ಮೇಲೆ ಕರೆತನ್ನಿ ಎಂದಿದ್ದಾರೆ.