ಮೂರು ಸೀರೆಯ ಹಾಸು, ‘ಒಂದೇ ಪೀಸ್’ ಮಾತು

ಜಯನಗರ, ಬಸವನಗುಡಿ ಕಡೆ ಮನೆಯ ಮುಂಗೋಣೆಯಲ್ಲೇ ರೇಷ್ಮೆ ಸೀರೆಯ ಸಣ್ಣ ಬ್ರ್ಯಾಂಡ್ ಶುರುಮಾಡುವವರ ಬಂಡವಾಳವೆಲ್ಲ ಒಂದು ಮಾತಿನಲ್ಲಿದೆ: ‘ಈ ಸೀರೆ ಇನ್ನೊಬ್ಬರ ಹತ್ತಿರ ಇರೋಲ್ಲ.’ ಇದಕ್ಕೆ ಮಗ್ಗವೂ ಒಪ್ಪಬೇಕಲ್ಲ?

ಕೈಮಗ್ಗದ ಮೇಲೆ ಒಂದೇ ಸೀರೆಯಷ್ಟು ಹಾಸು, ಅಂದರೆ ಉದ್ದಕ್ಕೆ ಹೂಡುವ ಎಳೆಗಳನ್ನು, ಏರಿಸುವುದು ದಂಡ. ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯದರ ತುದಿಗೆ ಒಂದೊಂದಾಗಿ ಹೊಸೆದು ಕೂಡಿಸಬೇಕು. ಆ ಕೂಲಿ ಒಂದು ಸೀರೆಗೂ ಅಷ್ಟೇ, ಮೂರಕ್ಕೂ ಅಷ್ಟೇ. ಹಾಗಾಗಿ ಮೂರು ಸೀರೆಯ ಲೆಕ್ಕ ಹಿಡಿಯಿರಿ. ಕುಪ್ಪಸದ ಬಟ್ಟೆ ಸೇರಿ ಒಂದಕ್ಕೆ 6.25 ಮೀಟರ್, ಮೂರಕ್ಕೆ 18.75. ನೇಯುವಾಗ ಕುಗ್ಗುವುದಕ್ಕೆ ಸುಮಾರು ಶೇ. 5, ಮೊದಲಲ್ಲಿ, ಕೊನೆಯಲ್ಲಿ ಕತ್ತರಿಸಿ ಹೋಗುವುದಕ್ಕೆ ಒಂದು ಮೀಟರ್, ಬಣ್ಣದ ಮಾದರಿಗೆ ಇನ್ನೊಂದು. ಒಟ್ಟು 22 ಮೀಟರ್ ಹೇಳಿ.

ಮೂರೂ ಬೇರೆಯಾಗಿ ಕಾಣಬೇಕಾದರೆ ಬದಲಾಗಬೇಕಾದದ್ದು ಹೊಕ್ಕು, ಅಂದರೆ ಅಡ್ಡಕ್ಕೆ ನೇಯುವ ನೂಲು. ಕೆಂಪು ಹಾಸಿನ ಮೇಲೆ ಹಳದಿ ಹೊಕ್ಕು ಕೇಸರಿಯಾಗಿ ಮಿಂಚುತ್ತದೆ, ನೀಲಿ ನೇರಳೆಯಾಗುತ್ತದೆ. ಹಸಿರಿನ ವಿಷಯದಲ್ಲಿ ಹುಷಾರು: ಕಂಪ್ಯೂಟರಿನಲ್ಲಿ ಚೆಂದ ಕಂಡದ್ದು ಸಣ್ಣ ನೂಲಿನಲ್ಲಿ ಬೆರೆತು ಮಂಕು ಕಂದಾಗಿಬಿಡಬಹುದು. ಬಣ್ಣಕ್ಕೊಂದು ಗೇಣು ನೇಯಿಸಿ ಬಿಸಿಲಲ್ಲಿ ನೋಡಿ. ಅಂಚಿನ ಎಳೆಗಳು ಹಾಸಿನಲ್ಲೇ ಇರುವುದರಿಂದ ಅಂಚು ಮೂರಕ್ಕೂ ಒಂದೇ. ಇದನ್ನು ಗಿರಾಕಿಗೆ ಮೊದಲೇ ಹೇಳುವುದು ಲೇಸು.

ನಿಜವಾಗಿಯೂ ಒಂಟಿ ಸೀರೆಯೇ ಬೇಕೆಂದರೆ ಇಳಕಲ್ ಕಡೆ ನೋಡಿ. ಅಲ್ಲಿನ ಟೋಪ್ ತೆನಿ ಸೆರಗಿನಲ್ಲಿ ಒಡಲಿನ ಹಾಸಿನ ಕುಣಿಕೆಗಳಿಗೆ ಸೆರಗಿನ ಹಾಸಿನ ಕುಣಿಕೆ ಸಿಕ್ಕಿಸುತ್ತಾರೆ, ಹಾಗಾಗಿ ಹಾಸನ್ನು ಒಂದೊಂದು ಸೀರೆಗೇ ಹೂಡುತ್ತಾರೆ. ಈ ಲೆಕ್ಕ ಗೊತ್ತಿದ್ದೂ ಚಿಕ್ಕಪೇಟೆಯಲ್ಲಿ ಸಿಗುವ ಜನರಲ್ ಡಿಸೈನಿಗೆ ‘ಒಂದೇ ಪೀಸ್’ ಚೀಟಿ ಅಂಟಿಸುವವರ ಧೈರ್ಯ ಮೆಚ್ಚಬೇಕು.

ಬಣ್ಣ ಹಾಕಿಸುವಾಗ ಎರಡು ಕಡೆ ಏಟು ಬೀಳುತ್ತದೆ. ಕಚ್ಚಾ ರೇಷ್ಮೆ ಕುದಿಸಿ ಅಂಟು ಬಿಡಿಸಿದರೆ ಕಿಲೋಗೆ ಮುಕ್ಕಾಲು ಕಿಲೋ ಆಸುಪಾಸು ಉಳಿಯುತ್ತದೆ. ಕಚ್ಚಾ ತೂಕದ ಮೇಲೆ ಸೀರೆಯ ಬೆಲೆ ಕಟ್ಟಿದರೆ ಲಾಭವೆಲ್ಲ ಅಲ್ಲೇ ಕರಗಿತು. ಇನ್ನೊಂದು ನೀರು. ಬೋರ್‌ವೆಲ್ಲಿನ ಗಡಸು ನೀರು ಸೋಪಿನ ಜತೆ ಸೇರಿ ನೂಲಿಗೆ ಜಿಡ್ಡು ಕೂರಿಸುತ್ತದೆ, ಆಮೇಲೆ ಬಣ್ಣ ತೇಪೆತೇಪೆ. ಮೆದು ನೀರು ಬಳಸುವ ಡೈಯಿಂಗ್‌ನವರನ್ನೇ ಹಿಡಿಯಿರಿ. ಒಂದು ಬಣ್ಣದ ಹೊಕ್ಕನ್ನೆಲ್ಲ ಒಂದೇ ಪಾತ್ರೆಯಲ್ಲಿ, ಶೇ. 10 ಹೆಚ್ಚಿಗೆ ಹಾಕಿಸಿ. ಕಡಿಮೆ ಬಿದ್ದು ಮತ್ತೆ ಹಾಕಿಸಿದರೆ ಸೀರೆಯ ನಡುವೆ ಪಟ್ಟೆ ಎದ್ದು ಕಾಣುತ್ತದೆ.

ಜರಿಯಲ್ಲಿ ವಿವಾದ ಜಾಸ್ತಿ. ಸಿಲ್ಕ್ ಮಾರ್ಕ್ ಲೇಬಲ್ ಹೇಳುವುದು ರೇಷ್ಮೆ ಶುದ್ಧ ಅಂತ ಮಾತ್ರ. ಜರಿಯ ಬಗ್ಗೆ, ಕೈಮಗ್ಗವೋ ಪವರ್‌ಲೂಮೋ ಅನ್ನುವುದರ ಬಗ್ಗೆ ಅದು ಮಾತಾಡುವುದಿಲ್ಲ. ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆ ಇದೆ. ಜರಿಯನ್ನು ನೇಯುವ ಮೊದಲೇ, ರೀಲಿನಲ್ಲಿದ್ದಾಗಲೇ, ಎಕ್ಸ್-ರೇ ಬಿಟ್ಟು ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ಪರೀಕ್ಷೆ ಮಾಡಿಸಿ. ಬೆಳ್ಳಿ, ತಾಮ್ರ, ಚಿನ್ನ ಎಷ್ಟೆಷ್ಟು ಅಂತ ಬರುತ್ತದೆ. ಬಿಲ್ಲಿನಲ್ಲಿ ‘ಪ್ಯೂರ್ ಜರಿ’ ಎಂಬ ಎರಡು ಪದ ಸಾಲದು, ಆ ಶೇಕಡಾವಾರನ್ನೇ ಬರೆಯಿರಿ. ತಾಮ್ರದ ಜರಿಯ ಸೀರೆಯನ್ನೂ ಮಾರಬಹುದು, ತಾಮ್ರದ್ದೆಂದು ಹೇಳಿ.